ಭೀಮೆಯ ಮತ್ಸ್ಯಕನ್ಯೆಗೆ ಯಾವ ಬಣ್ಣ?

ಬೇಸಿಗೆ ರಜೆ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ಝೆರಾಕ್ಸ್ ಅಂಗಡಿಗಳಲ್ಲಿ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರಗಳ ನಡುವೆ ಇನ್ನೊಂದು ಹಾಳೆಯೂ ಹೊರಬೀಳುತ್ತದೆ. ತಲೆಗೆ ಕಿರೀಟ, ಬೆನ್ನ ತುಂಬ ಕೂದಲು, ಸೊಂಟದಿಂದ ಕೆಳಗೆ ಮೀನಿನ ಬಾಲ. ಬರೀ ಗೆರೆ, ಬಣ್ಣವಿಲ್ಲ. ತಾಯಿಯ ಮೊಬೈಲಿನಲ್ಲಿ ಸಿಕ್ಕ ಈ ಮತ್ಸ್ಯಕನ್ಯೆ ರಾಜಕುಮಾರಿಯನ್ನು ಪ್ರಿಂಟ್ ಹಾಕಿಸಿ, ಜೊತೆಗೊಂದು ಕ್ರೆಯಾನ್ ಡಬ್ಬಿ ಕೊಟ್ಟರೆ ಮಧ್ಯಾಹ್ನದ ಉರಿಬಿಸಿಲಿಗೆ ಮಗು ಹೊರಗೆ ಕಾಲಿಡುವುದಿಲ್ಲ. 40 ಡಿಗ್ರಿ ದಾಟುವ ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಅಷ್ಟೇ ಒಂದು ದೊಡ್ಡ ಉಪಕಾರ.

ತಕರಾರು ಶುರುವಾಗುವುದು ಬಣ್ಣ ಹಚ್ಚಲು ಕೂತ ಮೇಲೆ. "ಗೆರಿ ದಾಟಬ್ಯಾಡ, ಹೊಲಸಾಗ್ತದ." "ನೀರಿಗಿ ನೀಲಿ ಹಚ್ಚು." "ಮಾರಿಗಿ ಸ್ಕಿನ್ ಕಲರ್ ತಗೋ." ಮಗುವಿನ ಬೆನ್ನ ಹಿಂದೆ ನಿಂತ ಅವ್ವ, ಅಕ್ಕ, ಅಂಗನವಾಡಿ ಟೀಚರ್ ಎಲ್ಲರ ಬಾಯಲ್ಲೂ ಇವೇ ಮೂರು ಮಾತು. ಮೂರೂ ಪ್ರೀತಿಯಿಂದ ಬಂದವು. ಆದರೆ ಮೂರೂ ಮಗುವಿನ ಕಣ್ಣನ್ನು ಅದರ ಕೈಯಿಂದ ಬಿಡಿಸಿಬಿಡುತ್ತವೆ. ಹಾಳೆಯ ಗೆರೆ ಯಾರದ್ದಾದರೂ ಆಗಿರಲಿ, ಬಣ್ಣ ಮಾತ್ರ ಮಗುವಿನದೇ ಆಗಿರಬೇಕು ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಕೆಲವು ಹದಗಳನ್ನು ಈ ಮೂರು ಮಾತುಗಳ ನೆಪದಲ್ಲಿ ಹೇಳುತ್ತೇನೆ.

ಮೊದಲು, ಈ ರಾಜಕುಮಾರಿ ಯಾರು? ಆಕೆಯ ತವರು ಡೆನ್ಮಾರ್ಕ್. ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಆಕೆ ಸಮುದ್ರರಾಜನ ಕಿರಿಮಗಳು. ಮನುಷ್ಯರ ಕಾಲು ಬೇಕೆಂದು ತನ್ನ ದನಿಯನ್ನೇ ಕೊಟ್ಟುಬಿಡುತ್ತಾಳೆ. ರಾಜಕುಮಾರ ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಅಳಿಸುವ ಕಥೆ ಅದು. ಕೋಪನ್‌ಹೇಗನ್ ಬಂದರಿನ ಬಂಡೆಯ ಮೇಲೆ ಆಕೆಯ ಕಂಚಿನ ಪ್ರತಿಮೆ ಕೂತದ್ದು 1913ರಲ್ಲಿ. 1989ರಲ್ಲಿ ಡಿಸ್ನಿ ಕಂಪನಿ ಅದೇ ಕಥೆಯ ಕೊನೆಯನ್ನು ಸುಖಾಂತ ಮಾಡಿ, ಆಕೆಗೆ ಕೆಂಪು ಕೂದಲು, ಹಸಿರು ಬಾಲ ಕೊಟ್ಟು ಸಿನೆಮಾ ಮಾಡಿತು. ನಮ್ಮ ಅಂಗಡಿಗಳಲ್ಲಿ ಪ್ರಿಂಟ್ ಆಗುವ ಹಾಳೆಗಳಲ್ಲಿ ಈಗಲೂ ಕಾಣುವುದು ಆ ಸಿನೆಮಾದ ದೊಡ್ಡ ಕಣ್ಣು, ಸಣ್ಣ ಮೂಗೇ.

ಆದರೆ ಅರ್ಧ ಮನುಷ್ಯ, ಅರ್ಧ ಜಲಚರ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಅರಳಿಕಟ್ಟೆಯ ನಾಗರಕಲ್ಲುಗಳಲ್ಲಿ ಕೆಲವನ್ನು ಹತ್ತಿರ ಹೋಗಿ ನೋಡಿ: ಸೊಂಟದ ಮೇಲೆ ಕೈಮುಗಿದ ಹೆಣ್ಣು, ಕೆಳಗೆ ಸುತ್ತಿಕೊಂಡ ಹಾವು. ಬಾದಾಮಿಯ ಒಂದನೆಯ ಗುಹೆಯ ಮಾಳಿಗೆಯಲ್ಲಿ ಆರನೆಯ ಶತಮಾನದ ನಾಗರಾಜ ಇದ್ದಾನೆ. ಮೇಲೆ ಮನುಷ್ಯ, ಸುತ್ತ ಸುರುಳಿ. ದಶಾವತಾರದ ಚಿತ್ರಗಳಲ್ಲಿ ಮತ್ಸ್ಯಾವತಾರ ಮೀನಿನ ಬಾಯಿಂದ ಎದ್ದ ವಿಷ್ಣು. ಥಾಯ್ಲೆಂಡಿನ ರಾಮಾಯಣದಲ್ಲಂತೂ ಸಾಕ್ಷಾತ್ ರಾವಣನ ಮಗಳೇ ಮತ್ಸ್ಯಕನ್ಯೆ. ಹೆಸರು ಸುವಣ್ಣಮಚ್ಛಾ, ಅಂದರೆ ಬಂಗಾರದ ಮೀನು. ಸೇತುವೆಗೆ ಹಾಕಿದ ಕಲ್ಲು ಕದಿಯಲು ಬಂದವಳು ಹನುಮಂತನಿಗೆ ಮನಸೋಲುತ್ತಾಳೆ. ಹಾಳೆ ಕೈಗೆ ಕೊಡುವ ಮೊದಲು ಈ ಕಥೆಗಳಲ್ಲಿ ಒಂದನ್ನು ಹೇಳಿ. ಆಮೇಲೆ ಮಗು ಹಚ್ಚುವ ಬಣ್ಣವೇ ಬೇರೆ ಇರುತ್ತದೆ.

ಈಗ ಮೊದಲ ಮಾತು: ಗೆರೆ ದಾಟಬಾರದು.

ಎರಡು ವರ್ಷದ ಮಗುವಿಗೆ ಗೆರೆ ಕಾಣುವುದೇ ಇಲ್ಲ; ಅದು ಕ್ರೆಯಾನನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುತ್ತದೆ. ಮೂರು, ನಾಲ್ಕಕ್ಕೆ ಮಣಿಕಟ್ಟು ತಿರುಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಹಿಡಿತ ಕೂಡಿಬರುವುದು ಸುಮಾರು ಐದು, ಆರರ ಹೊತ್ತಿಗೆ. ಅಂದರೆ ಗೆರೆಯೊಳಗೆ ನಿಲ್ಲುವುದು ಬೆರಳ ಸ್ನಾಯು ಬಲಿತ ಮೇಲೆ ತಾನಾಗಿ ಬರುವ ಹದ, ಬೈಗುಳದಿಂದ ಬರುವುದಲ್ಲ. ಚಿಕ್ಕ ಮಕ್ಕಳಿಗೆ ಉದ್ದನೆಯ ಹೊಸ ಕ್ರೆಯಾನಿಗಿಂತ ಮುರಿದ ತುಂಡು ಒಳ್ಳೆಯದು. ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. ಹಾಗಾಗಿ ಮುರಿದವನ್ನು ಎಸೆಯಬೇಡಿ. ಎಡಗೈ ಮಗುವಾದರೆ ಕೈ ಬದಲಿಸಬೇಡಿ. ಹಾಳೆಯನ್ನು ತುಸು ಬಲಕ್ಕೆ ವಾಲಿಸಿ ಇಟ್ಟುಕೊಟ್ಟು, ಬಲದಿಂದ ಎಡಕ್ಕೆ ಬಣ್ಣ ಹಚ್ಚಲು ಹೇಳಿ; ಹಚ್ಚಿದ್ದು ಅಂಗೈಗೆ ಬಳಿದುಕೊಳ್ಳುವುದಿಲ್ಲ.

ಬಣ್ಣ ತುಂಬುವ ಹಾಳೆಗಳ ಮೇಲೆ ದೊಡ್ಡ ಆಕ್ಷೇಪವೂ ಇದೆ, ಅದನ್ನು ಮುಚ್ಚಿಡಬಾರದು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವನ್‌ಫೆಲ್ಡ್ ಮಕ್ಕಳ ಚಿತ್ರಕಲೆಯ ಬೆಳವಣಿಗೆ ಕುರಿತು 1947ರಲ್ಲಿ ಬರೆದ ಪುಸ್ತಕ ಇಂದಿಗೂ ಕಲಾಶಿಕ್ಷಕರ ಪಠ್ಯ. ಅವರಿಗೆ ಇಂಥ ಹಾಳೆಗಳು ಸೇರುತ್ತಿರಲಿಲ್ಲ. ಮಗು ತಾನೇ ಬಿಡಿಸಿದ ಹಕ್ಕಿಗಳಲ್ಲಿ ಒಂದೊಂದೂ ಒಂದೊಂದು ಥರ ಇರುತ್ತದೆ. ಅದೇ ಮಗುವಿಗೆ ಅಚ್ಚಿನ ಹಕ್ಕಿ ಕೊಟ್ಟು ಬಣ್ಣ ತುಂಬಿಸಿದರೆ, ಮುಂದಿನ ಸಲ ಅದು ಬಿಡಿಸುವ ಹಕ್ಕಿಗಳೆಲ್ಲ ಅಚ್ಚಿನ ಹಕ್ಕಿಯ ಪಡಿಯಚ್ಚು. "ನಂಗ ಬರಂಗಿಲ್ಲ, ಪ್ರಿಂಟ್ ತಂದುಕೊಡು" ಎನ್ನುವ ಮಗು ನಿಮ್ಮ ಮನೆಯಲ್ಲಿದ್ದರೆ ಲೋವನ್‌ಫೆಲ್ಡ್ ಹೇಳಿದ್ದೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅಷ್ಟು ದೂರ ಹೋಗುವುದಿಲ್ಲ. ಹಾಳೆ ಬೆರಳಿಗೆ ಒಳ್ಳೆಯ ಕಸರತ್ತು, ಹಿಡಿದ ಕೆಲಸ ಮುಗಿಸುವ ರೂಢಿ, ಮಾತು ಕಡಿಮೆ ಇರುವ ಮಗುವಿಗೆ ಒಂದು ಆಸರೆ. ಆದರೆ ಅದು ಅಲ್ಲಿಗೇ ನಿಲ್ಲಬಾರದು. ಮತ್ಸ್ಯಕನ್ಯೆಗೆ ಬಣ್ಣ ಹಚ್ಚಿ ಮುಗಿದ ಮೇಲೆ ಹಾಳೆ ಮಗುಚಿ, "ಈಕಿ ಮನಿ ಎಲ್ಲದ? ಈಕಿ ಗೆಳತ್ಯಾರು ಯಾರು?" ಎಂದು ಕೇಳಿ, ಅದನ್ನು ಅಲ್ಲೇ ಬಿಡಿಸಲು ಹೇಳಿ. ಇನ್ನೂ ಒಂದು ಉಪಾಯವಿದೆ. ಝೆರಾಕ್ಸ್ ಮಾಡಿಸುವಾಗ ಚಿತ್ರದ ಕೆಳಭಾಗವನ್ನು ಬಿಳಿ ಹಾಳೆಯಿಂದ ಮುಚ್ಚಿಸಿ. ಮೇಲೆ ರಾಜಕುಮಾರಿ ಅಚ್ಚಾಗುತ್ತಾಳೆ, ಕೆಳಗೆ ಖಾಲಿ. ಬಾಲವನ್ನು ಮಗುವೇ ಬಿಡಿಸಲಿ. ಅದು ಮೀನಿನದಾಗಬಹುದು, ಮೊಸಳೆಯದಾಗಬಹುದು, ನಾಗರಕಲ್ಲಿನ ಹಾವಿನದೂ ಆಗಬಹುದು.

ಇನ್ನು ಸಾಮಾನಿನ ವಿಷಯ. ಝೆರಾಕ್ಸ್ ಯಂತ್ರ, ಲೇಸರ್ ಪ್ರಿಂಟರಿನ ಕಪ್ಪು ಗೆರೆ ನೀರಿಗೆ ಕರಗುವುದಿಲ್ಲ. ಇಂಕ್‌ಜೆಟ್ ಪ್ರಿಂಟರಿನ ಗೆರೆಗೆ ಒದ್ದೆ ಕುಂಚ ತಾಕಿದರೆ ಕಪ್ಪು ಹರಡುತ್ತದೆ. ವಾಟರ್ ಕಲರ್ ಹಚ್ಚುವುದಿದ್ದರೆ ಝೆರಾಕ್ಸೇ ಸರಿ. ಆದರೆ ಝೆರಾಕ್ಸ್ ಹಾಳೆ ತೆಳು, ನೀರು ಕುಡಿದರೆ ಸುಕ್ಕಾಗುತ್ತದೆ. ಅಂಗಡಿಯವರಿಗೆ ಡ್ರಾಯಿಂಗ್ ಹಾಳೆ ಕೊಟ್ಟು ಅದರ ಮೇಲೇ ಪ್ರಿಂಟ್ ಕೇಳಿ; ತೀರಾ ದಪ್ಪವಲ್ಲದಿದ್ದರೆ ಯಂತ್ರ ಎಳೆದುಕೊಳ್ಳುತ್ತದೆ. ತೆಳು ಹಾಳೆಗೆ ಮೇಣದ ಕ್ರೆಯಾನ್ ಅಥವಾ ಕಲರ್ ಪೆನ್ಸಿಲ್ ಸಾಕು. ಸ್ಕೆಚ್ ಪೆನ್ ಕೊಟ್ಟರೆ ಅಡಿಗೆ ಹಳೆಯ ಪೇಪರ್ ಹಾಸಿ, ಇಲ್ಲವಾದರೆ ಮರುದಿನ ನೆಲ ತಿಕ್ಕಬೇಕಾದೀತು.

ಹಚ್ಚುವ ಕ್ರಮ ಒಂದಿದೆ. ಕ್ರೆಯಾನ್, ಪೆನ್ಸಿಲ್, ವಾಟರ್ ಕಲರ್ ಯಾವುದೇ ಇರಲಿ, ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹಳದಿಯ ಮೇಲೆ ನೀಲಿ ಹಚ್ಚಿದರೆ ಹಸಿರಾಗುತ್ತದೆ; ನೀಲಿಯ ಮೇಲೆ ಹಳದಿ ತಿಕ್ಕಿದರೆ ಹಳದಿ ಕ್ರೆಯಾನಿನ ತುದಿ ಮಾತ್ರ ಹೊಲಸಾಗುತ್ತದೆ. ಪೋಸ್ಟರ್ ಕಲರ್ ಇದಕ್ಕೆ ಹೊರತು. ಅದು ಅಪಾರದರ್ಶಕ, ಒಣಗಿದ ಗಾಢ ಬಣ್ಣದ ಮೇಲೂ ಬಿಳಿ ಚುಕ್ಕಿ ಕೂರುತ್ತದೆ. ಪೆನ್ಸಿಲನ್ನು ಒಮ್ಮೆಗೇ ಒತ್ತಿ ಹಚ್ಚಬಾರದು. ಮೊದಲು ಹಗುರಾಗಿ ಒಂದು ದಿಕ್ಕಿಗೆ, ಆಮೇಲೆ ಅದರ ಮೇಲೆ ಅಡ್ಡ ದಿಕ್ಕಿಗೆ. ಬಿಳಿ ಸಂದು ಉಳಿಯುವುದಿಲ್ಲ.

ಮತ್ಸ್ಯಕನ್ಯೆಯ ಚಿತ್ರದಲ್ಲಿ ಮಗು ಸೋಲುವುದು ಹುರುಪೆಗಳಲ್ಲಿ. ಒಂದರ ಕೆಳಗೊಂದು ನೇರ ಸಾಲಾಗಿ ಬಿಡಿಸುತ್ತದೆ, ಬಾಲ ಹೋಗಿ ಬಲೆಯಾಗುತ್ತದೆ. ಇಟ್ಟಿಗೆ ಗೋಡೆ ಕಟ್ಟುವಾಗ ಮೇಲಿನ ಇಟ್ಟಿಗೆ ಕೆಳಗಿನ ಎರಡರ ಸಂದಿನ ಮೇಲೆ ಕೂರುವುದಿಲ್ಲವೇ, ಹುರುಪೆಯೂ ಹಾಗೆಯೇ. ಸಾಲಿಗೊಮ್ಮೆ ಅರ್ಧದಷ್ಟು ಸರಿಯಬೇಕು. ಸೊಂಟದ ಬಳಿ ದೊಡ್ಡವು, ಬಾಲದ ತುದಿಗೆ ಹೋದಂತೆ ಸಣ್ಣವು. ಪ್ರತಿ ಹುರುಪೆಯ ಬುಡಕ್ಕೆ ಗಾಢ ಬಣ್ಣ ಒತ್ತಿ, ಅಂಚಿಗೆ ಬರುವಾಗ ಕೈ ಹಗುರ ಮಾಡಿದರೆ ಒಂದರ ಮೇಲೊಂದು ಹೊದಿಸಿದ ಹಾಗೆ ಕಾಣುತ್ತದೆ. ನಂಬಿಕೆ ಬರದಿದ್ದರೆ ಸಂತೆಗೆ ಹೋದಾಗ ಮಗುವನ್ನು ಮೀನಿನ ಬುಟ್ಟಿಯ ಎದುರು ನಿಲ್ಲಿಸಿ. ಕಟ್ಲಾ, ರೋಹು ಮೀನುಗಳ ಬೆನ್ನು ಕಪ್ಪಗಿರುತ್ತದೆ, ಹೊಟ್ಟೆ ಬೆಳ್ಳಗೆ. ಮೇಲಿಂದ ನೋಡುವ ಹಕ್ಕಿಗೆ ಕಪ್ಪು ಬೆನ್ನು ನೀರಿನ ಕತ್ತಲಲ್ಲಿ ಕಾಣದು, ಕೆಳಗಿಂದ ನೋಡುವ ದೊಡ್ಡ ಮೀನಿಗೆ ಬಿಳಿ ಹೊಟ್ಟೆ ಆಕಾಶದ ಬೆಳಕಲ್ಲಿ ಕಾಣದು. ಇಷ್ಟು ಹೇಳಿದರೆ ಸಾಕು, ಬಾಲದ ಮೇಲ್ಭಾಗಕ್ಕೆ ಗಾಢ, ಕೆಳಭಾಗಕ್ಕೆ ತಿಳಿ ಬಣ್ಣ ಯಾಕೆಂದು ಮಗು ಮತ್ತೆ ಕೇಳುವುದಿಲ್ಲ.

ಎರಡನೆಯ ಮಾತು: ನೀರಿಗೆ ನೀಲಿ.

ಈ ಮೂರೂ ತಾಲ್ಲೂಕುಗಳ ಬಹಳಷ್ಟು ಮಕ್ಕಳು ಸಮುದ್ರ ನೋಡಿಲ್ಲ. ನೋಡಿರುವುದು ಹೊಳೆ. ಆಳಂದದ ಮಗುವಿಗೆ ಕೋರಳ್ಳಿ ಬಳಿಯ ಅಮರ್ಜಾ ಜಲಾಶಯ ಗೊತ್ತು. ಆ ಅಮರ್ಜಾ ಹರಿದು ಬಂದು ಭೀಮೆಯನ್ನು ಸೇರುವುದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ. ಜೇವರ್ಗಿಯ ಮಗು ಕಲಬುರಗಿಗೆ ಹೋಗುವಾಗಲೆಲ್ಲ ಕಟ್ಟಿಸಂಗಾವಿ ಸೇತುವೆ ಮೇಲಿಂದ ಭೀಮೆಯನ್ನು ಇಣುಕುತ್ತದೆ. ಚಳಿಗಾಲದಲ್ಲಿ ಸೊನ್ನ ಬ್ಯಾರೇಜಿನ ಹಿನ್ನೀರು ಹಸಿರು. ಬೇಸಿಗೆಯಲ್ಲಿ ಬಂಡೆಗಳ ನಡುವೆ ನಿಂತ ಮಡುಗಳು ಬೂದಿ ಬಣ್ಣ. ಮಳೆಗಾಲದಲ್ಲಿ ಕೆಂಗಂದು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳ ನೀರು ಸೇರಿ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ಹರಿದಾಗ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳು ಮುಳುಗಿದವಲ್ಲ, ಆ ನೀರಿನಲ್ಲಿ ನೀಲಿ ಎಲ್ಲಿತ್ತು? ಅದನ್ನು ಕಂಡ ಮಗು ನೀರಿಗೆ ಕಂದು ಹಚ್ಚಿದರೆ ತಪ್ಪೆನ್ನುವ ಹಕ್ಕು ಯಾರಿಗಿದೆ? "ಹೊಳಿ ಬಂದಾಗ ಹಿಂಗೇ ಇರ್ತದಲ್ಲ" ಎನ್ನುವ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕು.

ಸಮುದ್ರ ನೀಲಿಯಾಗಿರುವುದಕ್ಕೂ ಕಾರಣವಿದೆ, ದೊಡ್ಡ ಮಕ್ಕಳಿಗೆ ಹೇಳಬಹುದು. ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ನೀರು ಮೊದಲು ನುಂಗುತ್ತದೆ, ನೀಲಿ ಆಳದವರೆಗೂ ಉಳಿಯುತ್ತದೆ. ಹಾಗಾಗಿ ಹಾಳೆಯಲ್ಲಿ ಮೇಲೆ ತಿಳಿ, ಕೆಳಗಿಳಿದಂತೆ ಗಾಢ ಹಚ್ಚಿದರೆ ನೀರಿಗೆ ಆಳ ಬರುತ್ತದೆ. ಹೊಳೆಯ ಕಂದಿಗೂ ಇದೇ ಉಪಾಯ ನಡೆಯುತ್ತದೆ.

ನೀರಿಗೆ ಮಕ್ಕಳು ಬಹಳ ಮೆಚ್ಚುವ ಒಂದು ಆಟವಿದೆ. ಬಿಳಿ ಅಥವಾ ಹಳದಿ ಮೇಣದ ಕ್ರೆಯಾನಿನಿಂದ ಅಲೆ, ನೀರಗುಳ್ಳೆ, ಹುರುಪೆಯ ಅಂಚು ಗಟ್ಟಿಯಾಗಿ ಒತ್ತಿ ಬಿಡಿಸಲಿ. ಬಿಳಿ ಹಾಳೆಯ ಮೇಲೆ ಬಿಳಿ ಗೆರೆ, ಏನೂ ಕಾಣದು. ಆಮೇಲೆ ನೀರಾಗಿಸಿದ ವಾಟರ್ ಕಲರನ್ನು ಅದರ ಮೇಲೆ ಬಳಿಯಲಿ. ಮೇಣ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬಣ್ಣ ಸುತ್ತಮುತ್ತ ಕೂತು, ಅಲೆಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಮೇಣದ ಕ್ರೆಯಾನ್ ಮಾತ್ರ ಬೇಕು, ಸ್ಕೆಚ್ ಪೆನ್ನಿನಿಂದ ಇದು ಆಗುವುದಿಲ್ಲ.

ಮೂರನೆಯ ಮಾತು: ಮುಖಕ್ಕೆ ಸ್ಕಿನ್ ಕಲರ್.

ಡಬ್ಬಿಯಲ್ಲಿ ಆ ಹೆಸರಿನಿಂದ ಕರೆಯುವ ಕಡ್ಡಿ ತಿಳಿ ಗುಲಾಬಿ. ಅದನ್ನು ಹಿಡಿದ ಮಗುವಿನ ಕೈ ಗೋಧಿಬಣ್ಣವೋ, ಎಣ್ಣೆಗಪ್ಪೋ. ಎರಡೂ ಒಂದರ ಪಕ್ಕ ಒಂದು ಕೂತಾಗ ಮಗುವಿಗೆ ಯಾರೂ ಹೇಳದೆಯೇ ಒಂದು ಪಾಠವಾಗುತ್ತದೆ: ರಾಜಕುಮಾರಿ ನಿನ್ನ ಹಾಗಿರುವುದಿಲ್ಲ. ಅಮೆರಿಕದ ಕ್ರೆಯೋಲಾ ಕಂಪನಿ ಇಂಥದೇ ಕಡ್ಡಿಗೆ ಇಟ್ಟಿದ್ದ, ಮೈಬಣ್ಣವೆಂಬ ಅರ್ಥದ ಹೆಸರನ್ನು 1962ರಲ್ಲೇ ಕೈಬಿಟ್ಟು ಪೀಚ್ ಎಂದು ಕರೆಯಿತು. 2020ರಲ್ಲಿ ಲೋಕದ ಬಗೆಬಗೆಯ ಮೈಬಣ್ಣಗಳಿಗೆಂದು 24 ಕಡ್ಡಿಗಳ ಡಬ್ಬಿಯನ್ನೇ ತಂದಿತು. 2023ರಲ್ಲಿ ಡಿಸ್ನಿ ಮತ್ತೆ ತೆಗೆದ ಮತ್ಸ್ಯಕನ್ಯೆಯ ಸಿನೆಮಾದಲ್ಲಿ ರಾಜಕುಮಾರಿಯಾದವರು ಕಪ್ಪು ಜನಾಂಗದ ಹ್ಯಾಲಿ ಬೇಲಿ.

ನಮಗೆ ಹೊಸ ಡಬ್ಬಿಯೇನೂ ಬೇಕಿಲ್ಲ. ಕಿತ್ತಳೆಯನ್ನು ಹಗುರಾಗಿ ಹಚ್ಚಿ, ಅದರ ಮೇಲೆ ಕಂದನ್ನು ಹಗುರಾಗಿ ತಿಕ್ಕಿ, ಬೆಳಕು ಬೀಳುವ ಕಡೆ ಒಂದಿಷ್ಟು ಹಳದಿ ಸೇರಿಸಿದರೆ ನಮ್ಮೂರ ಮುಖ ಸಿದ್ಧ. ಕಂದು ಹೆಚ್ಚಾದರೆ ಕಪ್ಪು ಚೆಲುವೆ, ಕಡಿಮೆಯಾದರೆ ಗೋಧಿಬಣ್ಣದವಳು. ಮಗು ತನ್ನ ಮುಂಗೈಯನ್ನು ಹಾಳೆಯ ಮೇಲಿಟ್ಟುಕೊಂಡು ಹೋಲಿಸಿ ಹಚ್ಚಲಿ. ಕೆನ್ನೆ, ಕತ್ತು, ತೋಳುಗಳಲ್ಲಿ ಒಂದೇ ಬಣ್ಣದ ತಿಳಿ, ನಡು, ಗಾಢ ಮೂರು ಛಾಯೆ ತರುವುದನ್ನು ಕಲಿಯಲು ಕಲಬುರಗಿಯವರೇ ಆದ ಎಸ್.ಎಂ. ಪಂಡಿತರ ಚಿತ್ರ ತೋರಿಸಿ. 1916ರಲ್ಲಿ ಹುಟ್ಟಿದ ಪಂಡಿತರು ಮುಂಬೈಗೆ ಹೋಗಿ ಸಿನೆಮಾ ಪೋಸ್ಟರ್, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ದೇಶದ ಮನೆಮನೆಯ ಗೋಡೆ ಏರಿದವರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ, ಅವರ ಚಿತ್ರ ಮಾತ್ರ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಗೆರೆಯ ನಾಜೂಕು ನೋಡಬೇಕೆಂದರೆ ಪಕ್ಕದಲ್ಲೇ ಸುರಪುರದ ಗರುಡಾದ್ರಿ ಮನೆತನದವರ ಕಿರುಚಿತ್ರಗಳಿವೆ.

ಬಾಲಕ್ಕೆ, ಕೂದಲಿಗೆ, ಕಿರೀಟಕ್ಕೆ ಯಾವ ಬಣ್ಣ ಎಂದು ಮಗು ಕೇಳಿದರೆ ಮೊಬೈಲ್ ತೆಗೆಯಬೇಡಿ, ಹೊಲಕ್ಕೆ ಕರೆದೊಯ್ಯಿರಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಭಜ್ಜಿ, ಕಡಬು ಉಣ್ಣಲು ಹೇಗೂ ಹೋಗುತ್ತೀರಿ. ಕುಸುಬಿ ಹೂವು ಅರಳುವಾಗ ಹಳದಿ, ಬಾಡುವಾಗ ಕೇಸರಿ. ಒಂದೇ ಗಿಡದಲ್ಲಿ ಎರಡೂ ಸಿಗುತ್ತವೆ. ಅಗಸಿ ಹೂವಿನ ನೀಲಿ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು, ಹೊತ್ತೇರಿದರೆ ದಳ ಉದುರುತ್ತವೆ. ನೀಲಿಗೆ ಕೇಸರಿ, ಕೆಂಪಿಗೆ ಹಸಿರು, ನೇರಳೆಗೆ ಹಳದಿ ಎದುರುಬಣ್ಣಗಳು. ಅಕ್ಕಪಕ್ಕ ಹಚ್ಚಿದರೆ ಎರಡೂ ಎದ್ದು ಕಾಣುತ್ತವೆ. ಡಿಸ್ನಿಯ ಕೆಂಪು ಕೂದಲು, ಹಸಿರು ಬಾಲದ ಗುಟ್ಟೂ ಅದೇ. ಬದನೆ ಹೂವನ್ನು ಅಂಗೈಯಲ್ಲಿಟ್ಟು ನೋಡಿ: ನೇರಳೆ ದಳ, ನಡುವೆ ಹಳದಿ ಕೇಸರ. ಕುಸುಬಿ ಬಣ್ಣದ ಕೂದಲು, ಅಗಸಿ ಬಣ್ಣದ ಬಾಲ ಇರುವ ರಾಜಕುಮಾರಿ ಬೇರೆ ಯಾವ ದೇಶದಲ್ಲೂ ಹುಟ್ಟಲಾರಳು.

ಬಣ್ಣ ಕೊಳ್ಳಲು ಕೈಯಲ್ಲಿ ಕಾಸಿಲ್ಲದಿದ್ದರೂ ಚಿಂತೆಯಿಲ್ಲ. ಎರೆಮಣ್ಣನ್ನು ನುಣ್ಣಗೆ ಸೋಸಿ, ನೀರಲ್ಲಿ ನೆನೆಸಿದ ಜಾಲಿ ಅಂಟಿನ ಜೊತೆ ಕಲಸಿದರೆ ಕರಿಬಣ್ಣ ತಯಾರು. ಅಂಗಡಿಯ ವಾಟರ್ ಕಲರನ್ನು ಹಾಳೆಗೆ ಹಿಡಿಸುವುದೂ ಜಾಲಿ ಜಾತಿಯ ಮರದ ಅಂಟೇ. ಅರಿಶಿನದಿಂದ ಹಳದಿ, ದೊಡ್ಡವರು ಅದಕ್ಕೆ ಚಿಟಿಕೆ ಸುಣ್ಣ ಬೆರೆಸಿಕೊಟ್ಟರೆ ಓಕುಳಿಯ ಕೆಂಪು. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಚರ್ಮ, ಕಣ್ಣು ಸುಡುತ್ತದೆ. ಹಾಗೆಯೇ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಪೇಂಟ್ ಡಬ್ಬಿಯನ್ನೂ ಕೊಡಬೇಡಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಮೂಲೆಯಲ್ಲಿ ಬಿದ್ದ ಹಳೆಯ ಡಬ್ಬಿಯಲ್ಲಿ ಏನಿದೆಯೋ ಯಾರು ಬಲ್ಲರು? ಸೀಸ ಮಕ್ಕಳ ಮೆದುಳಿಗೆ ವಿಷ.

ಗಂಡುಮಕ್ಕಳ ವಿಷಯದಲ್ಲಿ ಎರಡು ಮಾತು. ಮತ್ಸ್ಯಕನ್ಯೆ ಹುಡುಗಿಯರ ಹಾಳೆ ಎಂದು ಹುಡುಗನ ಕೈಯಿಂದ ಕಿತ್ತುಕೊಳ್ಳಬೇಡಿ. ಹುರುಪೆ ಬಿಡಿಸುವ ಕಸರತ್ತು ಅವನ ಬೆರಳಿಗೂ ಬೇಕು. ಮತ್ತೆ, ಹುಡುಗ ಪದೇ ಪದೇ ಹಸಿರಿನ ಜಾಗಕ್ಕೆ ಕೆಂಪು ಅಥವಾ ಕಂದು ಹಚ್ಚುತ್ತಿದ್ದರೆ ಬೈಯದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆಂಪು, ಹಸಿರಿನ ವ್ಯತ್ಯಾಸ ಕಾಣದ ವರ್ಣಾಂಧತೆ ಹುಟ್ಟಿನಿಂದಲೇ ಬರುವಂಥದು, ಹುಡುಗಿಯರಿಗಿಂತ ಹುಡುಗರಲ್ಲೇ ಬಹಳ ಹೆಚ್ಚು. ಶಾಲೆ ಅದನ್ನು ದಡ್ಡತನವೆಂದು ತಿಳಿಯುವ ಮೊದಲು ಈ ಹಾಳೆಯೇ ಹೇಳಿಬಿಡಬಹುದು. ಕ್ರೆಯಾನ್ ಕಡ್ಡಿಗಳ ಮೇಲೆ ಬಣ್ಣದ ಹೆಸರು ಬರೆದುಕೊಟ್ಟರೆ ಅವನ ಅರ್ಧ ಕಷ್ಟ ಕಳೆಯುತ್ತದೆ.

ಕೊನೆಗೆ ಸ್ಪರ್ಧೆಗಳನ್ನು ನಡೆಸುವವರಿಗೆ, ತೀರ್ಪು ಕೊಡುವವರಿಗೆ ಒಂದು ವಿನಂತಿ. ಪ್ರತಿಭಾ ಕಾರಂಜಿಯಿಂದ ಹಿಡಿದು ಗಲ್ಲಿಯ ಗಣೇಶೋತ್ಸವದವರೆಗೆ ಬಣ್ಣಕ್ಕೆ ಬಹುಮಾನ ಸಿಗುವುದು ಅಚ್ಚುಕಟ್ಟಿಗೆ. ಅಚ್ಚುಕಟ್ಟಿಗೆ ಒಂದು ಬಹುಮಾನ ಇರಲಿ. ಕಂಡದ್ದನ್ನು ಹಚ್ಚಿದ ಮಗುವಿಗೆ ಇನ್ನೊಂದು ಇರಲಿ: ಕಂದು ಹೊಳೆಗೆ, ಕಪ್ಪು ರಾಜಕುಮಾರಿಗೆ, ಹಾವಿನ ಬಾಲಕ್ಕೆ. "ಇದಕ್ಕ ಈ ಬಣ್ಣ ಯಾಕ ಹಚ್ಚಿದಿ?" ಎಂದು ಮಗುವನ್ನೇ ಕೇಳಿ, ಅದರ ಉತ್ತರಕ್ಕೂ ಅಂಕ ಕೊಡಿ. ತಂದೆತಾಯಂದಿರಿಗೆ ಹೇಳುವುದು ಇಷ್ಟೇ: ಈ ರಜೆಯಲ್ಲಿ ಪ್ರಿಂಟ್ ಒಂದು ಹಾಕಿಸಿದರೆ, ಜೊತೆಗೆ ಖಾಲಿ ಹಾಳೆ ಎರಡು ಕೊಡಿ.